ತೊಡೆಯ ಜೋಮಿಗೆ ಲಾಡಿಯಿಲ್ಲದ ಲಂಗ: 14 ತಿಂಗಳ ಬಳಕೆಯ ನಂತರ

ನಾನು ಪ್ರೌಢಶಾಲೆಯ ಶಿಕ್ಷಕಿ. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ, ಸೊಂಟಕ್ಕೆ ಬಿಗಿದು ಗಂಟು ಹಾಕಿದ ಲಂಗದ ಲಾಡಿ. ಇಪ್ಪತ್ತು ವರ್ಷ ಹೀಗೆಯೇ ನಡೆದಿತ್ತು. ಒಂದು ಬೇಸಿಗೆಯಲ್ಲಿ ಬಲದೊಡೆಯ ಹೊರಮಗ್ಗುಲು ಜೋಮು ಹಿಡಿಯತೊಡಗಿತು. ಸ್ನಾನಕ್ಕೆ ಕೂತರೆ ಒಂದೇ ಚೊಂಬಿನ ನೀರು ಎಡದೊಡೆಗೆ ಬಿಸಿ, ಬಲದೊಡೆಗೆ ಬರೀ ನೀರು. ಅದೇ ಜಾಗಕ್ಕೆ ಗಂಜಿ ಹಾಕಿದ ಸೀರೆ ತಾಗಿದರೆ ಮಾತ್ರ ಉಪ್ಪುಕಾಗದ ಉಜ್ಜಿದ ಹಾಗೆ ಚುರುಚುರು ಉರಿ. ಎರಡನೇ ಪೀರಿಯಡ್ ಹೊತ್ತಿಗೆ ಕುರ್ಚಿ ಬೇಕೇ ಬೇಕು. ಕೂತರೆ ಸ್ವಲ್ಪ ಇಳಿಯುತ್ತಿತ್ತು.

ಮೊದಲು ನೋಡಿದ ವೈದ್ಯರು ಡಿಸ್ಕ್ ಸರಿದಿದೆ ಎಂದರು. ಮೂರು ತಿಂಗಳು ಮಾತ್ರೆ, ಸೊಂಟಪಟ್ಟಿ. ಆ ಪಟ್ಟಿ ಕಟ್ಟಿದ ಮೇಲೆ ಉರಿ ಇನ್ನೂ ಹೆಚ್ಚಿತು.

ಆಮೇಲೆ ನೋಡಿದ ನರತಜ್ಞೆ ಮರಗಟ್ಟಿದ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಅದು ಮೊಣಕಾಲಿಗಿಂತ ಮೇಲೆಯೇ ಮುಗಿಯಿತು. ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಸರಿಯಾಗಿಯೇ ಚಿಮ್ಮಿತು. ಕೊನೆಗೆ ಸೊಂಟದ ಮುಂಭಾಗದ ಎಲುಬಿನ ಮೂಲೆಯ ಮೇಲೆ ಲಾಡಿ ಮೂಡಿಸಿದ್ದ ಕಪ್ಪು ಗೆರೆಗೆ ಬೆರಳಿಟ್ಟು ಒತ್ತಿದರು. ತೊಡೆಯುದ್ದಕ್ಕೂ ಜುಮ್ಮೆಂದಿತು. ಬೆನ್ನಿನ ಕೆಳಭಾಗದಿಂದ ಹೊರಟ ನರವೊಂದು ಆ ಮೂಲೆಯ ಹತ್ತಿರವೇ ನುಸುಳಿ ತೊಡೆಯ ಹೊರಚರ್ಮಕ್ಕೆ ಬರುತ್ತದೆ. ಆ ನರ ಅದುಮಿಕೊಂಡರೆ ಬರುವ ತೊಂದರೆಯೇ ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ. ಗ್ರೀಕ್ ಭಾಷೆಯಲ್ಲಿ ಮೆರೋಸ್ ಎಂದರೆ ತೊಡೆ, ಆಲ್ಗೋಸ್ ಎಂದರೆ ನೋವು. ಸ್ಪರ್ಶಕ್ಕಷ್ಟೇ ಮೀಸಲಾದ ನರವಾದ್ದರಿಂದ ಕಾಲಿನ ಬಲ ಕುಂದುವುದಿಲ್ಲ. ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದು ಬೇರೆಯೇ ಕಾಯಿಲೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಲಂಗದ ವಿಷಯಕ್ಕೆ ಬರುತ್ತೇನೆ. ನಾಲ್ಕು ಬೆರಳಗಲದ ಎಲಾಸ್ಟಿಕ್ ಪಟ್ಟಿಯ ಹತ್ತಿ ಲಂಗ, ಒಂದಕ್ಕೆ 480 ರೂಪಾಯಿ. ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ಮೂರು ವಾರ ಏನೂ ಗೊತ್ತಾಗಲಿಲ್ಲ. ಆರನೇ ವಾರದಲ್ಲಿ ಒಂದು ದಿನ ಮಧ್ಯಾಹ್ನದ ಗಂಟೆ ಹೊಡೆದಾಗ, ಬೆಳಗ್ಗಿನಿಂದ ಕುರ್ಚಿಯ ನೆನಪೇ ಆಗಿರಲಿಲ್ಲ ಎಂಬುದು ಹೊಳೆಯಿತು. ಅಂದು ನನಗಾದ ಸಂತೋಷವನ್ನು ಹೇಳಲಾರೆ.

ಕೊರತೆಗಳೂ ಇವೆ. ನಯವಾದ ರೇಷ್ಮೆ ಸೀರೆಯ ನೆರಿಗೆ ಇದರಲ್ಲಿ ನಿಲ್ಲುವುದಿಲ್ಲ. ಮದುವೆಗೆ ಹೋಗುವಾಗ ನಾಲ್ಕು ಪಿನ್ನು ಹಾಕುತ್ತೇನೆ. ಎಂಟು ತಿಂಗಳಿಗೆ ಎಲಾಸ್ಟಿಕ್ ಸಡಿಲಾಯಿತು. ಬಿಸಿನೀರಿನಲ್ಲಿ ನೆನೆಸಿದ್ದು ನನ್ನ ತಪ್ಪು.

ಲಂಗ ಒಂದೇ ಎಲ್ಲವನ್ನೂ ಮಾಡಿತು ಎನ್ನಲಾರೆ. ಆರು ಕಿಲೋ ತೂಕ ಇಳಿಸಿದ್ದೇನೆ. ಮೊದಲ ಎರಡು ತಿಂಗಳು ರಾತ್ರಿ ಪ್ರಿಗ್ಯಾಬಲಿನ್ ಎಂಬ ನರನೋವಿನ ಔಷಧಿ ನುಂಗಿದೆ. ಉರಿ ತಗ್ಗಿತು, ಆದರೆ ಬೆಳಗ್ಗೆ ತಲೆ ತೂಗುತ್ತಿತ್ತು, ವೈದ್ಯರೇ ಹಂತಹಂತವಾಗಿ ನಿಲ್ಲಿಸಿದರು. ನೋವು ಮರೆಸಲು ಚರ್ಮಕ್ಕೆ ಅಂಟಿಸುವ ಲಿಡೊಕೇನ್ ಪಟ್ಟಿಯನ್ನು 12 ಗಂಟೆ ಹಚ್ಚಿ 12 ಗಂಟೆ ಬಿಡಬೇಕು. ಬೆವರಿಗೆ ಅಂಚು ಏಳುತ್ತದೆ, ಮರಗಟ್ಟಿದ ಜಾಗಕ್ಕೆ ಸ್ಪರ್ಶವನ್ನೂ ಮರಳಿಸುವುದಿಲ್ಲ. ಚುಚ್ಚುಮದ್ದಿನವರೆಗೆ ಹೋಗಬೇಕಾಗಲಿಲ್ಲ.

ಈಗ ಅಂಗೈಯಗಲ ಜಾಗ ಮಾತ್ರ ಮಂದವಾಗಿದೆ, ಉರಿಯಿಲ್ಲ. ಕೊಳ್ಳುವವರು ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದನ್ನೇ ತೆಗೆದುಕೊಳ್ಳಿ. ಉಟ್ಟು ಒಂದು ಗಂಟೆಯಾದ ಮೇಲೆ ಸೊಂಟದ ಎಲುಬಿನ ಮೂಲೆಯನ್ನು ನೋಡಿಕೊಳ್ಳಿ. ಅಲ್ಲಿ ಗೆರೆ ಮೂಡಿದ್ದರೆ ಅದನ್ನು ಹಿಂದಿರುಗಿಸಿ.