ಕಾಲುವೆ ಸೀಮೆಯ ಬಾನುಲಿ ಸಂದರ್ಶನ: ಕೇಳುಗನೊಬ್ಬನ ವಿಮರ್ಶೆ

ರಾಯಚೂರು ಜಿಲ್ಲೆಯ ನಮ್ಮ ಭಾಗದ ಸಮುದಾಯ ಬಾನುಲಿ ಕೇಂದ್ರವೊಂದು ವಾರಕ್ಕೊಮ್ಮೆ ಸಂಜೆ ಬಿತ್ತರಿಸುವ ಸಂದರ್ಶನ ಕಾರ್ಯಕ್ರಮವನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ. ನೀರು, ನೌಕರಿ, ಆಸ್ಪತ್ರೆ ಎಂಬ ಮೂರು ವಿಷಯಗಳನ್ನು ಅದು ಹೆಚ್ಚಾಗಿ ಎತ್ತಿಕೊಳ್ಳುತ್ತದೆ. ನಮ್ಮ ಸೀಮೆಯ ಮಟ್ಟಿಗೆ ಇದು ಸರಿಯಾದ ಆಯ್ಕೆಯೇ. ಸಮುದಾಯ ಬಾನುಲಿಗೆ ಸ್ವಂತ ವಾರ್ತೆ ಓದುವ ಅನುಮತಿಯಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ಆದ್ದರಿಂದ ಊರಿನ ಸಮಸ್ಯೆ ಬಾನುಲಿಯಲ್ಲಿ ಕೇಳಿಬರಬೇಕಾದರೆ ಇಂಥ ಮಾತುಕತೆಯ ಮೂಲಕವೇ ಬರಬೇಕು.

ಕಾರ್ಯಕ್ರಮ ನಿಜವಾಗಿ ಗೆಲ್ಲುವುದು ತುಂಗಭದ್ರಾ ಎಡದಂಡೆ ಕಾಲುವೆಯ ವಿಷಯದಲ್ಲಿ. ಕಾಲುವೆಯ ಮೇಲೆ ದುಡಿದ ಗ್ಯಾಂಗ್‌ಮನ್ ಒಬ್ಬರನ್ನು ಕೂರಿಸಿಕೊಂಡ ಸಂಚಿಕೆಯಲ್ಲಿ ನಿರೂಪಕಿ ಕೊನೆ ಭಾಗದ ರೈತರ ಗೋಳನ್ನು ಸಾರಾಸಗಟಾಗಿ ಕೇಳಲಿಲ್ಲ. 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ ಇಳಿದರೆ 104ನೇ ಮೈಲಿಗೆ ಅದರ ಪರಿಣಾಮ ಎಷ್ಟು ಹೊತ್ತಿಗೆ ತಟ್ಟುತ್ತದೆ, ರಾತ್ರಿ ಕಾಲುವೆಗೆ ಪಂಪ್‌ಸೆಟ್ ಇಟ್ಟವರನ್ನು ತಡೆಯಲು ಹೋದರೆ ಏನಾಗುತ್ತದೆ, ಮೇಲ್ಭಾಗದಲ್ಲಿ ಭತ್ತ ನಾಟಿಯಾದ ಮೇಲೆ ಮಾನ್ವಿ, ಸಿರವಾರದ ಕಡೆಗೆ ಉಳಿಯುವುದೇನು ಎಂದು ಒಂದೊಂದಾಗಿ ಬಿಡಿಸಿ ಕೇಳಿದರು. ಅಕ್ರಮ ನೀರಾವರಿಯ ಬಗ್ಗೆ ಸಭೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇವೆ, ಕಾಲುವೆ ದಂಡೆಯ ಮೇಲೆ ನಿಂತವರ ಮಾತನ್ನು ಕೇಳಿದ್ದು ಕಡಿಮೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದ ವಿಷಯವನ್ನು ಕುರಿತು ನಿವೃತ್ತ ಇಂಜಿನಿಯರ್ ಒಬ್ಬರೊಡನೆ ನಡೆದ ಮಾತುಕತೆಯೂ ಇದೇ ತೂಕದ್ದು. ಉಳಿದ ಗೇಟುಗಳಿಂದಲೂ ನೀರು ಹೊರಬಿಟ್ಟದ್ದು ಏಕೆ, 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯ ಹೂಳಿನಿಂದಾಗಿ 105ರ ಆಸುಪಾಸಿಗೆ ಇಳಿದದ್ದಕ್ಕೂ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯದ ಪ್ರಸ್ತಾವಕ್ಕೂ ಇರುವ ನಂಟೇನು ಎಂಬುದನ್ನು ಅವರು ಅವಸರವಿಲ್ಲದೆ ವಿವರಿಸಿದರು, ನಿರೂಪಕಿಯೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

ಆದರೆ ಅತಿಥಿಯ ಕುರ್ಚಿಯಲ್ಲಿ ಹಾಲಿ ಅಧಿಕಾರಿ ಕುಳಿತರೆ ಅದೇ ನಿರೂಪಕಿಯ ಧಾಟಿ ಬದಲಾಗುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ನೌಕರಿಯಲ್ಲಿ ಮೀಸಲು ಕಲ್ಪಿಸುವ ಸಂವಿಧಾನದ 371ಜೆ ವಿಧಿಯನ್ನು ಕುರಿತ ಸಂಚಿಕೆಯನ್ನೇ ತೆಗೆದುಕೊಳ್ಳಿ. ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ಹೊರಗಿನವುಗಳಲ್ಲಿ ಶೇ 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲು ಎಂಬುದನ್ನೂ ಅರ್ಹತಾ ಪ್ರಮಾಣಪತ್ರ ಪಡೆಯುವ ಕ್ರಮವನ್ನೂ ಅಧಿಕಾರಿ ಅಚ್ಚುಕಟ್ಟಾಗಿ ತಿಳಿಸಿದರು. ಖಾಲಿ ಹುದ್ದೆಗಳ ಪ್ರಶ್ನೆಗೆ ಮಾತ್ರ 'ಪ್ರಕ್ರಿಯೆ ನಡೆಯುತ್ತಿದೆ' ಎಂಬ ಉತ್ತರ ಬಂತು. ಯಾವ ಇಲಾಖೆಯಲ್ಲಿ, ಯಾವ ಹಂತದಲ್ಲಿ ಎಂಬ ಮರುಪ್ರಶ್ನೆ ಬರಲಿಲ್ಲ. ಅದರ ಬದಲು ಭಾವಗೀತೆ ಬಂತು. ಗ್ಯಾಂಗ್‌ಮನ್‌ಗೆ ಮೈಲಿನ ಲೆಕ್ಕ ಕೇಳಿದವರು ಅಧಿಕಾರಿಗೆ ಹುದ್ದೆಯ ಲೆಕ್ಕ ಕೇಳಬಾರದೇ? ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆದ ಧರಣಿಯ ಸಂಚಿಕೆಯಲ್ಲೂ ಹೋರಾಟಗಾರರ ಆಗ್ರಹ ಸ್ಪಷ್ಟವಾಗಿ ಕೇಳಿಸಿತು, ಅದಕ್ಕೆ ಉತ್ತರ ಹೇಳಬೇಕಾದವರು ಯಾರೂ ಮೈಕಿನ ಮುಂದೆ ಇರಲಿಲ್ಲ.

ಧ್ವನಿಮುದ್ರಣದ ಗುಣಮಟ್ಟ ಪರವಾಗಿಲ್ಲ, ಫ್ಯಾನಿನ ಸದ್ದು ಆಗಾಗ ಕೇಳುತ್ತದೆ. ಪ್ರಸಾರದ ವ್ಯಾಪ್ತಿಯೇ ದೊಡ್ಡ ತೊಡಕು. ಸಮುದಾಯ ಬಾನುಲಿಗೆ ನಿಗದಿಯಾಗಿರುವ 100 ವ್ಯಾಟ್ ಶಕ್ತಿಯಲ್ಲಿ ಪಟ್ಟಣದ ಸುತ್ತಲಿನ ಹಳ್ಳಿಗಳನ್ನು ಮುಟ್ಟಬಹುದೇ ಹೊರತು ಕಾಲುವೆಯ ಕೊನೆ ಭಾಗವನ್ನಲ್ಲ. ಹೀಗಾಗಿ ಯಾರ ನೀರಿನ ಬಗ್ಗೆ ಇಷ್ಟು ಒಳ್ಳೆಯ ಚರ್ಚೆ ನಡೆಯುತ್ತದೆಯೋ ಅವರಿಗೇ ಅದು ಕೇಳಿಸುವುದಿಲ್ಲ. ಧ್ವನಿಮುದ್ರಿತ ಸಂಚಿಕೆಗಳನ್ನು ರೈತರ ವಾಟ್ಸಾಪ್ ಗುಂಪುಗಳಿಗೆ ಕಳಿಸಿದರೆ ಈ ಕೊರತೆ ಬಹುಪಾಲು ನೀಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಪ್ರಸಾರ ಸಿಗುವ ಹಳ್ಳಿಗಳವರಿಗೆ, ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆ ನಡೆಯುವ ವಾರದ ಸಂಚಿಕೆಯನ್ನು ತಪ್ಪಿಸಬೇಡಿ ಎಂದು ಧೈರ್ಯವಾಗಿ ಹೇಳಬಲ್ಲೆ. ಅಧಿಕಾರಿಗಳ ಸಂಚಿಕೆಯಿಂದ ಅರ್ಜಿ ಹಾಕುವ ಕ್ರಮ, ಕಚೇರಿಯ ವೇಳೆಯಂಥ ಮಾಹಿತಿಯನ್ನಷ್ಟೇ ಸದ್ಯಕ್ಕೆ ನಿರೀಕ್ಷಿಸಬಹುದು.