ಮ್ಯಾನುಯಲ್ ಬ್ಯಾಲೆನ್ಸಿಂಗ್ ವಾಲ್ವಾ, ಪಿಐಸಿವಿನಾ?

ಕಟ್ಟಡದ ಎಸಿಯ ನೀರಿನ ಪೈಪುಗಳಲ್ಲಿ ಪ್ರತಿ ಲೈನಿಗೂ ಬೇಕಾದಷ್ಟೇ ನೀರು ಹೋಗುವಂತೆ ಮಾಡುವ ವಾಲ್ವ್‌ಗಳಿವು. ಮ್ಯಾನುಯಲ್ ಅಂದರೆ ಕೈಯಿಂದ ಹೊಂದಿಸುವಂಥದ್ದು; ಪಿಐಸಿವಿ (ಪ್ರೆಶರ್ ಇಂಡಿಪೆಂಡೆಂಟ್ ಕಂಟ್ರೋಲ್ ವಾಲ್ವ್) ಅಂದರೆ ಒತ್ತಡ ಬದಲಾದರೂ ಹರಿವನ್ನು ತಾನೇ ಕಾಯ್ದುಕೊಳ್ಳುವಂಥದ್ದು. ಮೊದಲು ನೀರು ತಳ್ಳುವ ಪಂಪ್ ನೋಡಿ. ಅದು ಸದಾ ಒಂದೇ ವೇಗದಲ್ಲಿ ಓಡುತ್ತಿದ್ದು, ಕಾಯಿಲ್‌ಗಳಿಗೆ (ಗಾಳಿ ತಂಪಾಗಿಸುವ ನೀರಿನ ಸುರುಳಿಗಳಿಗೆ) ತ್ರೀ-ವೇ ವಾಲ್ವ್, ಅಂದರೆ ಬೇಡದ ನೀರನ್ನು ಕಾಯಿಲ್‌ನ ಪಕ್ಕದಿಂದ ದಾಟಿಸುವ ವಾಲ್ವ್ ಇದ್ದರೆ ಮ್ಯಾನುಯಲ್ ಸಾಕು. ಬೆಲೆ ಕಡಿಮೆ, ಕೆಡುವಂಥದ್ದು ಒಳಗೆ ಹೆಚ್ಚೇನಿಲ್ಲ. ಆದರೆ ಕೂರಿಸಿದ ಮೇಲೆ ಕೆಲಸ ಜಾಸ್ತಿ. ಎರಡು ಟೆಸ್ಟ್ ಪಾಯಿಂಟ್‌ಗೆ ಮೀಟರ್ ಸಿಕ್ಕಿಸಿ, ಹಿಡಿ ತಿರುಗಿಸಿ, ಒಂದು ಲೈನ್ ಸರಿಮಾಡುವಷ್ಟರಲ್ಲಿ ಪಕ್ಕದ್ದು ಏರುಪೇರಾಗಿರುತ್ತದೆ. ಮತ್ತೆ ಶುರು!

ಪಂಪ್ ವೇಗ ಬದಲಾಗುತ್ತಾ, ಕಾಯಿಲ್‌ಗೆ ಹೋಗುವ ನೀರನ್ನೇ ತಡೆಯುವ ಟೂ-ವೇ ವಾಲ್ವ್‌ಗಳು ತೆರೆದು ಮುಚ್ಚುತ್ತಿದ್ದರೆ ಪಿಐಸಿವಿ ವಾಸಿ. ಪಕ್ಕದ ಕೋಣೆಯ ವಾಲ್ವ್ ಮುಚ್ಚಿ ಒತ್ತಡ ಏರಿದರೂ ಇದರ ಹರಿವು ಕದಲುವುದಿಲ್ಲ. ನೀರು ಹೆಚ್ಚು-ಕಡಿಮೆ ಮಾಡುವ ಕಂಟ್ರೋಲ್ ವಾಲ್ವ್ ಇದರೊಳಗೇ ಇರುತ್ತದೆ, ಬೇರೆ ಬೇಡ. ದುಬಾರಿ, ನಿಜ. ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಹರಿವು ಕಾಯುವ ಕೆಲಸವೇ ಆಗದು; ಕೊಟ್ಟ ದುಡ್ಡು ಸುಮ್ನೆ ದಂಡ, ಅಲ್ವಾ? ಹಳೆಯ ಪೈಪಿನಲ್ಲಿ ತುಕ್ಕು ಬರುತ್ತಿದ್ದರೆ ಮೊದಲು ಫ್ಲಶಿಂಗ್ ಮಾಡಿಸಿ (ನೀರು ಹಾಯಿಸಿ ಪೈಪ್ ತೊಳೆಸಿ), ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಹಾಕಿಸಿ.