ಜಾಗಿಂಗ್ ಸ್ಟ್ರಾಲರ್: ಎರಡು ವರ್ಷ ಓಡಿಸಿದ ಮೇಲಿನ ವಿಮರ್ಶೆ

ಮೂರು ಚಕ್ರ ಇದ್ದ ಮಾತ್ರಕ್ಕೆ ಅದು ಜಾಗಿಂಗ್ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುತ್ತ ಓಡುವ ಗಾಡಿ, ಆಗುವುದಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ‘ಜಾಗರ್’ ಎಂದು ಮಾರುವ ಎಷ್ಟೋ ಗಾಡಿಗಳ ಚಕ್ರ ಗಟ್ಟಿ ಫೋಮಿನದು, ಸಸ್ಪೆನ್ಷನ್ ಹೆಸರಿಗೆ ಮಾತ್ರ, ಮುಂದಿನ ಚಕ್ರ ನೇರಕ್ಕೆ ಲಾಕ್ ಆಗುವುದೇ ಇಲ್ಲ. ಕೊಳ್ಳುವ ಮೊದಲು ಕೈಪಿಡಿಯ ಎಚ್ಚರಿಕೆಗಳ ಪುಟ ತೆರೆದು ನೋಡಿ. ‘ಈ ಉತ್ಪನ್ನ ಓಟಕ್ಕಾಗಲಿ ಸ್ಕೇಟಿಂಗಿಗಾಗಲಿ ತಕ್ಕುದಲ್ಲ’ ಎಂಬ ಸಾಲು ಸಿಕ್ಕರೆ ಅಲ್ಲಿಗೆ ಮಾತು ಮುಗಿಯಿತು. ಮಕ್ಕಳ ಗಾಡಿಗಳಿಗೆಂದೇ ಇರುವ ಯುರೋಪಿನ ಇಎನ್ 1888 ಮಾನದಂಡದಲ್ಲಿ ಬರುವ ಎಚ್ಚರಿಕೆ ಅದು, ಕೈಪಿಡಿ ತುಂಬಿಸಲು ಹಾಕಿದ್ದಲ್ಲ.

ಇಲ್ಲಿ ಹೇಳುತ್ತಿರುವುದು ಥೂಲೆ ಅರ್ಬನ್ ಗ್ಲೈಡ್, ಬಾಬ್ ಕಂಪನಿಯ ರೆವಲ್ಯೂಷನ್, ಆಲ್ಟರೇನ್ ಇವೆಲ್ಲ ಸೇರುವ ವರ್ಗದ ಬಗ್ಗೆ: ಅಲ್ಯೂಮಿನಿಯಂ ಚೌಕಟ್ಟು, ಹಿಂದೆ 16 ಇಂಚಿನ ಎರಡು ಚಕ್ರ, ಮುಂದೆ 12 ಇಂಚಿನದೊಂದು, ಗಾಳಿ ತುಂಬುವ ಟೈರು, ತೂಕ ಹೆಚ್ಚಾಗಿ 11ರಿಂದ 14 ಕೆಜಿ. ಅಮೆರಿಕದಲ್ಲಿ ಹೊಸದಕ್ಕೆ ಹಲವು ನೂರು ಡಾಲರ್. ಕಪ್ ಹೋಲ್ಡರ್, ಬಟ್ಟೆಯ ಬಣ್ಣ, ಒಂದೇ ಕೈಯಲ್ಲಿ ಮಡಚುವ ಚಮತ್ಕಾರ ನೋಡಿ ಕೊಳ್ಳುವವರೇ ಹೆಚ್ಚು. ಎರಡು ವರ್ಷ ಬಳಸಿದ ಮೇಲೆ ಮುಖ್ಯ ಅನ್ನಿಸುವುದು ಬೇರೆ ಮೂರು: ಮುಂದಿನ ಚಕ್ರ, ಕೈ ಬ್ರೇಕು, ಮತ್ತು ಮನೆಯ ಹತ್ತಿರ ಓಡಿಸಲು ಜಾಗ. ಮೂರನೆಯದು ಇಲ್ಲದಿದ್ದರೆ ಮೊದಲಿನ ಎರಡು ಎಷ್ಟು ಚೆನ್ನಾಗಿದ್ದರೂ ಗಾಡಿ ಬಾಲ್ಕನಿಯಲ್ಲಿ ಧೂಳು ತಿನ್ನುತ್ತದೆ.

ಮುಂದಿನ ಚಕ್ರದಲ್ಲಿ ಎರಡು ಬಗೆ. ಒಂದು, ಸದಾ ನೇರಕ್ಕೇ ನಿಂತಿರುವಂಥದ್ದು. ಓಟಕ್ಕೆ ಇದರಷ್ಟು ಸ್ಥಿರವಾದದ್ದು ಇನ್ನೊಂದಿಲ್ಲ, ಆದರೆ ಅಂಗಡಿಯೊಳಗೆ, ಲಿಫ್ಟಿನೊಳಗೆ ತಿರುಗಿಸುವುದು ದೊಡ್ಡ ತಲೆನೋವು. ಇನ್ನೊಂದು, ಸುತ್ತಲೂ ತಿರುಗುವ, ಬೇಕೆಂದಾಗ ಗುಂಡಿಯಿಂದಲೋ ಪಿನ್ನಿನಿಂದಲೋ ಲಾಕ್ ಮಾಡುವಂಥದ್ದು. ಒಂದೇ ಗಾಡಿ ಕೊಳ್ಳುವವರಿಗೆ ಎರಡನೆಯದೇ ಸರಿ. ನಡೆಯುವಾಗ ಲಾಕ್ ಬಿಡಿ, ಓಡುವಾಗ ಹಾಕಿ. ಲಾಕ್ ಹಾಕದೆ ವೇಗ ಹೆಚ್ಚಿಸಿದರೆ ಚಕ್ರ ಗಡಗಡ ನಡುಗುತ್ತದೆ. ಸಣ್ಣ ಕಲ್ಲು ತಗುಲಿ ಅದು ಅಡ್ಡ ತಿರುಗಿದರೆ ಗಾಡಿ ಮುಂದಕ್ಕೆ ಮಗುಚುವುದಕ್ಕೆ ಕ್ಷಣ ಸಾಕು. ಲಾಕ್ ಹಾಕಿದಾಗ ಹೊರಳಿಸುವುದು ಹೇಗೆ ಎಂದರೆ, ಹ್ಯಾಂಡಲನ್ನು ಸ್ವಲ್ಪ ಕೆಳಗೆ ಅದುಮಿ ಮುಂದಿನ ಚಕ್ರವನ್ನು ನೆಲದಿಂದ ಎರಡು ಬೆರಳು ಎತ್ತಿ ಹಿಂದಿನ ಚಕ್ರಗಳ ಮೇಲೆ ತಿರುಗಿಸುವುದು. ಒಂದೆರಡು ದಿನದಲ್ಲಿ ಕೈಗೆ ಒಗ್ಗುತ್ತದೆ.

ಲಾಕ್ ಹಾಕಿದ ಗಾಡಿ ಎಡಕ್ಕೋ ಬಲಕ್ಕೋ ಎಳೆಯುವುದು ಈ ವರ್ಗದ ಸಾಮಾನ್ಯ ಕಾಯಿಲೆ. ಪರೀಕ್ಷೆ ಸುಲಭ. ಸಮತಟ್ಟು ನೆಲದಲ್ಲಿ, ಮಗು ಇಲ್ಲದೆ, ಸೀಟಿನಲ್ಲಿ ಒಂದು ಅಕ್ಕಿ ಚೀಲ ಕಟ್ಟಿ ಮೆಲ್ಲಗೆ ತಳ್ಳಿ ಬಿಡಿ. ಐದಾರು ಮೀಟರಿನಲ್ಲಿ ಎತ್ತ ವಾಲುತ್ತದೆ ನೋಡಿ. ಒಡನೆಯೇ ಚಕ್ರದ ತಿರುಪು ಮುಟ್ಟಬೇಡಿ. ಮೊದಲು ಹಿಂದಿನ ಎರಡೂ ಟೈರಿನ ಗಾಳಿ ಸಮ ಇದೆಯೇ ನೋಡಿ. ಗಾಳಿ ಕಮ್ಮಿ ಇರುವ ಕಡೆಗೇ ಗಾಡಿ ಎಳೆಯುತ್ತದೆ. ಆಮೇಲೆ ಮುಂದಿನ ಚಕ್ರ ಫೋರ್ಕಿನಲ್ಲಿ, ಅಂದರೆ ಅದನ್ನು ಹಿಡಿದಿರುವ ಕವಲಿನಲ್ಲಿ, ಪೂರ್ತಿ ಕೂತಿದೆಯೇ ನೋಡಿ. ಇವೆರಡೂ ಸರಿಯಿದ್ದ ಮೇಲಷ್ಟೇ ಮುಂದಿನ ಆಕ್ಸಲ್ (ಚಕ್ರದ ಅಚ್ಚು) ಬದಿಯ ಹೊಂದಿಕೆಯ ತಿರುಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ತಳ್ಳಿ ನೋಡಬೇಕು. ರಸ್ತೆಯ ಅಂಚು ಮಳೆನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಅಲ್ಲಿ ಪರೀಕ್ಷಿಸಿದರೆ ಸರಿಯಿರುವ ಗಾಡಿಯನ್ನೇ ಕೆಡಿಸಿಕೊಳ್ಳುತ್ತೀರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಒಳ್ಳೆಯ ಜಾಗ.

ಕ್ವಿಕ್ ರಿಲೀಸ್ ಲಿವರ್, ಅಂದರೆ ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಿ ಹಾಕುವ ಹಿಡಿ, ಇರುವ ಮಾದರಿಯಾದರೆ ಇನ್ನೊಂದು ಮಾತು. 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬಾಬ್ ಸ್ಟ್ರಾಲರುಗಳ ಮುಂದಿನ ಚಕ್ರ ಕಳಚಿಕೊಳ್ಳುತ್ತದೆ ಎಂದು ತಯಾರಕರ ಮೇಲೆ ದೂರು ಹೂಡಿತು. ಅದೇ ವರ್ಷದ ಕೊನೆಗೆ, ಲಿವರನ್ನು ಸರಿಯಾಗಿ ಬಿಗಿಯುವುದನ್ನು ಜನರಿಗೆ ಕಲಿಸುವ ಪ್ರಚಾರ ಮತ್ತು ಬದಲಿ ಬಿಡಿಭಾಗಗಳ ಒಪ್ಪಂದದಲ್ಲಿ ಅದು ಮುಗಿಯಿತು. ದೂರಿನಲ್ಲಿದ್ದದ್ದು 2015ರ ಸೆಪ್ಟೆಂಬರಿಗೂ ಮುಂಚಿನ ಗಾಡಿಗಳು. ಅಂಥವು ಸೆಕೆಂಡ್ ಹ್ಯಾಂಡಿನಲ್ಲಿ ಈಗಲೂ ಓಡಾಡುತ್ತಿವೆ, ಅದಕ್ಕೇ ಇಲ್ಲಿ ಹೇಳಬೇಕಾಯಿತು. ಬಿಗಿಯುವ ಕ್ರಮ ಸೈಕಲ್ಲಿನದೇ: ಲಿವರ್ ಅರ್ಧ ದಾರಿಗೆ ಬಂದಾಗ, ಅಂದರೆ ನೇರ ಹೊರಕ್ಕೆ ಚಾಚಿ ನಿಂತಾಗಲೇ ಬಿಗಿ ತಟ್ಟಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಅದರ ಗುರುತು ಮೂಡಬೇಕು. ಸುಲಭವಾಗಿ ಮುಚ್ಚಿಕೊಂಡರೆ ಲಿವರ್ ತೆರೆದು, ಅದರ ಎದುರು ಬದಿಯ ನಟ್ಟು ಅರ್ಧ ಸುತ್ತು ಬಿಗಿದು ಮತ್ತೆ ಮುಚ್ಚಿ. ಲಿವರನ್ನೇ ನಟ್ಟಿನ ಹಾಗೆ ಸುತ್ತಿಸಿ ಬಿಗಿಯುವುದು ತಪ್ಪು. ಕಳಚುವ ಚಕ್ರಗಳ ಹಿಂದೆ ಹೆಚ್ಚಾಗಿ ಇದೇ ತಪ್ಪು ಇರುತ್ತದೆ. ಕೊನೆಗೆ ಗಾಡಿಯ ಮುಂಭಾಗ ಎತ್ತಿ ಟೈರಿಗೆ ಮೇಲಿನಿಂದ ಕೈಯಲ್ಲಿ ಎರಡು ಏಟು ಹಾಕಿ. ಅಲುಗಬಾರದು. ಗುಂಡಿ ಒತ್ತಿ ತೆಗೆಯುವ ಹಿಂದಿನ ಚಕ್ರಗಳಿಗೂ ಹಾಗೆಯೇ: ‘ಟಕ್’ ಎಂದು ಕೇಳಿಸಿತೆಂದು ನಂಬದೆ ಹೊರಕ್ಕೆ ಎಳೆದು ನೋಡಿ. ಚಕ್ರದ ನಡುವಿನ ಹಬ್ಬಿನೊಳಗೆ ಮರಳು ಸೇರಿದರೆ ಅರ್ಧಕ್ಕೇ ಕೂತುಬಿಡುತ್ತವೆ.

ಬ್ರೇಕಿನ ಮಾತು. ಕಾಲಿನಿಂದ ಒತ್ತುವ ಬ್ರೇಕು ನಿಲ್ಲಿಸಿಡುವುದಕ್ಕೆ ಮಾತ್ರ, ಓಡುವಾಗ ಅದಕ್ಕೆ ಕಾಲು ಹಾಕಿದರೆ ಗಾಡಿ ಮುಗ್ಗರಿಸುತ್ತದೆ. ವೇಗ ತಗ್ಗಿಸಲು ಕೈ ಬ್ರೇಕು ಬೇರೆಯೇ ಇರಬೇಕು, ಈ ವರ್ಗದಲ್ಲೂ ಎಲ್ಲ ಮಾದರಿಗೂ ಅದು ಬರುವುದಿಲ್ಲ. ಬೇಕೇ ಎನ್ನುವವರು ಒಂದು ಲೆಕ್ಕ ಹಾಕಿ: ಗಾಡಿ 12, ಮಗು 10, ನೀರು ಡೈಪರು ಸೇರಿ 2, ಒಟ್ಟು 24 ಕೆಜಿ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ ಅದು ಸುಮಾರು 1.2 ಕೆಜಿ ಬಲದಿಂದ ಎಳೆಯುತ್ತಲೇ ಇರುತ್ತದೆ, ಹತ್ತು ಮೀಟರ್ ಇಳಿಯುವಲ್ಲಿ 2.4. ಒಂದು ನಿಮಿಷಕ್ಕೆ ಏನೂ ಅನ್ನಿಸದು, ಹತ್ತು ನಿಮಿಷಕ್ಕೆ ಮೊಣಕೈ, ಭುಜ, ಸೊಂಟ ಮೂರೂ ಮಾತಾಡುತ್ತವೆ. ಸಮತಟ್ಟು ಪಾರ್ಕಿನಲ್ಲೇ ಓಡುವವರಿಗೆ ಕೈ ಬ್ರೇಕು ಇಲ್ಲದೆಯೂ ನಡೆಯುತ್ತದೆ. ಬ್ರೇಕಿನ ವೈರು ಮೊದಲ ಕೆಲವು ತಿಂಗಳಲ್ಲಿ ಎಳೆದುಕೊಂಡು ಸಡಿಲವಾಗುತ್ತದೆ; ಲಿವರಿನ ಬುಡದ ಸಣ್ಣ ತಿರುಪನ್ನು ಹೊರಕ್ಕೆ ಎರಡು ಸುತ್ತು ತಿರುಗಿಸಿದರೆ ಸರಿ. ಮಣಿಕಟ್ಟಿನ ಪಟ್ಟಿಗೆ ಮಾತ್ರ ವಿನಾಯಿತಿ ಇಲ್ಲ. ಗಾಡಿ ಹಿಡಿದಷ್ಟು ಹೊತ್ತೂ ಅದು ಕೈಯಲ್ಲಿರಬೇಕು.

ಟೈರಿನ ಗಾಳಿ ಎಷ್ಟು ಎಂಬುದು ಟೈರಿನ ಪಕ್ಕೆಯ ಮೇಲೇ ಬರೆದಿರುತ್ತದೆ, ಈ ವರ್ಗದಲ್ಲಿ ಗರಿಷ್ಠ ಸಾಮಾನ್ಯವಾಗಿ 30 ಪಿಎಸ್‌ಐ. ಹತ್ತು ಕೆಜಿಯೊಳಗಿನ ಮಗುವಿಗೆ 22–25 ಸಾಕು. ಪೂರ್ತಿ 30 ತುಂಬಿದರೆ ಸಿಮೆಂಟು ಚಪ್ಪಡಿಯ ಪ್ರತಿ ಸಂದೂ ಮಗುವಿನ ಬೆನ್ನಿಗೆ ತಟ್ಟುತ್ತದೆ. 15ಕ್ಕಿಂತ ಕೆಳಗಿಳಿದರೆ ರಿಮ್ಮಿನ ಅಂಚಿಗೆ ಸಿಕ್ಕಿ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಹತ್ತು ದಿನಕ್ಕೊಮ್ಮೆ ಕೈ ಪಂಪಿನಿಂದ ತುಂಬಿ. ಪೆಟ್ರೋಲ್ ಬಂಕಿನ ಗಾಳಿ ಬೇಡ, ಅಷ್ಟು ಸಣ್ಣ ಟ್ಯೂಬು ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ.

ಪಂಕ್ಚರಿಗೆ ನಮ್ಮ ಕಡೆ ಮುಖ್ಯ ಕಾರಣ ಮೊಳೆಯಲ್ಲ, ನೆಗ್ಗಿಲು ಮುಳ್ಳು. ಕೆರೆ ಏರಿ, ಮಣ್ಣಿನ ಟ್ರ್ಯಾಕು, ಖಾಲಿ ಸೈಟಿನ ಅಂಚು, ಎಲ್ಲ ಕಡೆಯೂ ಇರುತ್ತದೆ. ಜಾಲಿಮುಳ್ಳು ಇನ್ನೂ ಉದ್ದ. ಮೂರೂ ಟ್ಯೂಬಿಗೆ ಸೀಲಂಟ್ (ಸಣ್ಣ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ) ಹಾಕಿಸಿಕೊಂಡರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಟ್ಯೂಬಿಗಾಗಿ ವಿದೇಶಕ್ಕೆ ಆರ್ಡರ್ ಮಾಡಬೇಕಿಲ್ಲ. ಟೈರಿನ ಮೇಲೆ 47-305 ಎಂದಿದ್ದರೆ ಮಕ್ಕಳ 16 ಇಂಚಿನ ಸೈಕಲ್ಲಿನ ಟ್ಯೂಬು ಹೊಂದುತ್ತದೆ. ಮುಂದಿನದಕ್ಕೆ 57-203 ಅಥವಾ 62-203 ಎಂದಿದ್ದರೆ ಹನ್ನೆರಡೂವರೆ ಇಂಚಿನದು. ಕೊನೆಯ ಸಂಖ್ಯೆ 349 ಎಂದಿದ್ದರೆ ಹುಷಾರು: ಅದನ್ನೂ 16 ಇಂಚು ಎಂದೇ ಕರೆಯುತ್ತಾರೆ, ಆದರೆ ರಿಮ್ಮು ಬೇರೆ. ಸೈಕಲ್ ಶಾಪಿನವರು ಹಾಕುವ ಹಳೇ ಬಗೆಯ ವಾಲ್ವಿಗೆ ಸೈಕಲ್ ಪಂಪೇ ಬೇಕು, ಕಾರಿನ ಪಂಪು ಕೂರುವುದಿಲ್ಲ. ಆದ್ದರಿಂದ ಕೇಳಿ, ಬೈಕಿನಂಥ ವಾಲ್ವ್ ಇರುವ ಟ್ಯೂಬೇ ಹಾಕಿಸಿ.

ಯಾವ ವಯಸ್ಸಿಗೆ? ನಡಿಗೆಗೆ ಬೇಗ ಕೂರಿಸಬಹುದು, ಓಟಕ್ಕೆ ಆರು ತಿಂಗಳಿಗೆ ಮೊದಲು ಬೇಡ; ಕೆಲವು ತಯಾರಕರು ಎಂಟು ತಿಂಗಳು ಎನ್ನುತ್ತಾರೆ. ಕತ್ತು ನಿಂತಿರಬೇಕು, ಆಸರೆಯಿಲ್ಲದೆ ಕೂರುವಂತಿರಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ತಿಂಗಳು ಎಣಿಸಿ, ಮಕ್ಕಳ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕಾರ್ ಸೀಟನ್ನು ಅಡಾಪ್ಟರ್ ಮೂಲಕ ಗಾಡಿಗೆ ಕೂರಿಸುವ ಸೌಲಭ್ಯ ನಡಿಗೆಗೆ ಮಾತ್ರ. ಐದು ಕಡೆಯ ಬೆಲ್ಟಿನಲ್ಲಿ ಭುಜದ ಪಟ್ಟಿ ಹೊರಡುವ ಸೀಳು ಮಗುವಿನ ಭುಜದ ಮಟ್ಟಕ್ಕೆ ಇರಬೇಕು, ಪಟ್ಟಿಗೂ ಎದೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು.

ಇನ್ನು ಜಾಗ. ಬೆಂಗಳೂರಿನ ಫುಟ್‌ಪಾತಿನಲ್ಲಿ ಇದನ್ನು ಓಡಿಸುವ ಕನಸು ಬಿಡಿ. ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಬೈಕ್ ಬಾರದಿರಲೆಂದು ನೆಟ್ಟ ಕಬ್ಬಿಣದ ಕಂಬ. ಗಾಡಿಯ ಅಗಲವೇ 65–70 ಸೆಂ.ಮೀ. ರಸ್ತೆಗಿಳಿದರೆ ಮಗುವಿನ ಮೂಗು ಆಟೋದ ಹೊಗೆ ಕೊಳವೆಯ ಮಟ್ಟಕ್ಕೇ ಬರುತ್ತದೆ. ಭಾನುವಾರ ಬೆಳಿಗ್ಗೆ ವಾಹನ ಬಿಡದ ಕಬ್ಬನ್ ಪಾರ್ಕ್ ಒಳರಸ್ತೆಗಳು, ಲಾಲ್‌ಬಾಗಿನ ಡಾಂಬರು ದಾರಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬಡಾವಣೆಯ ಪಾರ್ಕುಗಳಲ್ಲಿ ಮೊದಲು ಗೇಟು ನೋಡಿ: ದನ, ಬೈಕು ತಡೆಯಲು ಹಾಕಿದ ಅಂಕುಡೊಂಕು ಗೇಟಿನಲ್ಲಿ ಈ ಗಾಡಿ ತೂರುವುದಿಲ್ಲ, ಮಗು ಸಮೇತ ಎತ್ತಿ ದಾಟಿಸಬೇಕಾಗುತ್ತದೆ. ನಿಮ್ಮ ಲಿಫ್ಟಿನ ಬಾಗಿಲನ್ನೂ ಟೇಪು ಹಿಡಿದು ಅಳೆಯಿರಿ. ಬೀದಿನಾಯಿಗಳಿಗೆ ಮೂರು ಚಕ್ರದ ಮೇಲೆ ಅದೇನು ಸಿಟ್ಟೋ. ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ, ಓಟ ನಿಲ್ಲಿಸಿ ನಡೆಯಿರಿ.

ಓಡುವ ರೀತಿಯೂ ಬದಲಾಗುತ್ತದೆ. ಹ್ಯಾಂಡಲ್ ಹೊಕ್ಕುಳ ಮಟ್ಟಕ್ಕೆ, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಎಂದಿನಂತೆ ಬೀಸುತ್ತ. ಐದು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಎರಡೂ ಕೈ ಹಿಡಿದು ಮುಂದಕ್ಕೆ ಬಾಗಿದರೆ ಹೆಜ್ಜೆ ಗಿಡ್ಡವಾಗಿ ಸೊಂಟ ಹಿಡಿಯುತ್ತದೆ, ಏರಿನಲ್ಲಿ ಮಾತ್ರ ಎರಡು ಕೈ. ಗಡಿಯಾರ ನೋಡಿ ಬೇಸರ ಪಡಬೇಡಿ, ಗಾಡಿ ಜೊತೆಗಿದ್ದರೆ ಕಿಲೋಮೀಟರಿಗೆ ಅರ್ಧ ನಿಮಿಷವೋ ಒಂದು ನಿಮಿಷವೋ ಹೆಚ್ಚು ಹಿಡಿಯುವುದು ಸಹಜ. ಮೊದಲ ಎರಡು ವಾರ ಬರೀ ನಡಿಗೆ, ಆಮೇಲೆ 15–20 ನಿಮಿಷದ ಓಟ. ಹ್ಯಾಂಡಲಿಗೆ ಬ್ಯಾಗು ನೇತುಹಾಕಬೇಡಿ, ಮಗುವನ್ನು ಇಳಿಸಿದೊಡನೆ ಗಾಡಿ ಹಿಂದಕ್ಕೆ ಮಗುಚುತ್ತದೆ.

ಓಡುವವರಿಗೆ ಬೆವರು ಹರಿಯುತ್ತಿದ್ದರೂ ಕೂತ ಮಗುವಿಗೆ ಗಾಳಿ ಹೊಡೆಯುತ್ತಿರುತ್ತದೆ. ಡಿಸೆಂಬರ್ ಬೆಳಗಿಗೆ ನಿಮಗಿಂತ ಎರಡು ಪದರ ಹೆಚ್ಚು ಹಾಕಿ, ಕುಲಾವಿ ಮರೆಯಬೇಡಿ. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಮುಗಿಸಿ. ಬಿಸಿಲು ಎಂದು ಸೀಟಿನ ಮುಂದೆ ದುಪಟ್ಟಾವೋ ಟವಲೋ ಇಳಿಬಿಡುವುದು ಅಪಾಯ, ಒಳಗೆ ಗಾಳಿಯಾಡದೆ ಕಾವು ಬೇಗ ಏರುತ್ತದೆ. ಸೊಳ್ಳೆಪರದೆಯಂಥ ಜಾಲರಿ ಸಾಕು.

ಎರಡು ವರ್ಷದಲ್ಲಿ ಹಾಳಾಗುವುದು ಏನೇನು? ಚೌಕಟ್ಟಿಗೆ ಏನೂ ಆಗುವುದಿಲ್ಲ. ಬೆವರಿಗೆ ಹ್ಯಾಂಡಲಿನ ಫೋಮು ಸಿಪ್ಪೆ ಏಳುತ್ತದೆ. ಸೈಕಲ್ ಹ್ಯಾಂಡಲಿನ ಟೇಪು ಸುತ್ತಿದರೆ ಮೊದಲಿಗಿಂತ ಚೆನ್ನ. ಮಳೆಗಾಲದಲ್ಲಿ ಒದ್ದೆ ಸೀಟನ್ನು ಹಾಗೇ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ, ಕಲೆ ಆಮೇಲೆ ಹೋಗುವುದಿಲ್ಲ. ಬಿಚ್ಚಿಟ್ಟು ನೆರಳಿನಲ್ಲಿ ಒಣಗಿಸಿ. ಗಾಳಿ ಇಳಿದ ಟೈರನ್ನು ಬಾಲ್ಕನಿ ಬಿಸಿಲಿನಲ್ಲಿ ಬಿಟ್ಟರೆ ಪಕ್ಕೆ ಸೀಳುತ್ತದೆ. ಕೀರಲು ಸದ್ದು ಬಂದರೆ ಚಕ್ರ ತೆಗೆದು ಆಕ್ಸಲ್ ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿ. ತೆಂಗಿನೆಣ್ಣೆ, ಗ್ರೀಸು ಧೂಳನ್ನು ಹಿಡಿದು ಇನ್ನಷ್ಟು ಕೆಡಿಸುತ್ತವೆ. ಮಡಚಿದರೂ ಅಗಲ ಕಮ್ಮಿಯಾಗದು. ಸಣ್ಣ ಕಾರಿನ ಡಿಕ್ಕಿಗೆ ಚಕ್ರ ಬಿಚ್ಚಿಯೇ ಇಡಬೇಕು, ಅಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಹಿಂದಿನ ಸೀಟೇ ಗತಿ.

ಮಗು ಮೂರು ವರ್ಷದ ಹೊತ್ತಿಗೆ ‘ನಾನೇ ಓಡ್ತೀನಿ’ ಎಂದು ಇಳಿದುಬಿಡುತ್ತದೆ. ಹಾಗಾಗಿ ನಿಜವಾದ ಆಯಸ್ಸು ಎರಡರಿಂದ ಎರಡೂವರೆ ವರ್ಷ, ಅಷ್ಟಕ್ಕೆ ಹೊಸದೇ ಬೇಕೆಂದಿಲ್ಲ. ಅಮೆರಿಕ, ಜರ್ಮನಿಯಲ್ಲಿರುವ ನೆಂಟರಿಷ್ಟರ ಮೂಲಕ ಬಳಸಿದ್ದು ತರಿಸುವವರು ವೀಡಿಯೋ ಕಾಲಿನಲ್ಲಿ ಇಷ್ಟು ನೋಡಿಸಿಕೊಳ್ಳಿ: ಚೌಕಟ್ಟಿನ ಬೆಸುಗೆಯಲ್ಲಿ ಬಿರುಕು, ಚಕ್ರ ಎತ್ತಿ ತಿರುಗಿಸಿದಾಗ ಅಡ್ಡಾಡುವ ರಿಮ್ಮು, ಬೆಲ್ಟಿನ ಬಕಲ್ ಹತ್ತು ಸಲ ಹಾಕಿ ತೆಗೆದಾಗಿನ ಸದ್ದು, ಕಾಲಿನ ಬ್ರೇಕು ಒತ್ತಿ ತಳ್ಳಿದಾಗ ಚಕ್ರ ತಿರುಗದೆ ನೆಲದ ಮೇಲೆ ಜಾರುತ್ತದೆಯೇ ಎಂಬುದು, ಮತ್ತು ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿನ ತಯಾರಿಕೆಯ ತಿಂಗಳು, ವರ್ಷ. ಚೀಟಿ ಕಿತ್ತುಹೋಗಿದ್ದರೆ ಆ ಗಾಡಿ ಬೇಡ.